ಕೋಚ್ ಸರಿಯೋ, ಟ್ಯಾಮಿ ಸರಿಯೋ? ನಮ್ಮ ಶುಕ್ರವಾರದ ಜಗಳ

ಶುಕ್ರವಾರ ಸಂಜೆ ಆಯ್ತು ಅಂದ್ರೆ ಆಸ್ಟಿನ್‌ನ ನಮ್ಮ ಬಾಡಿಗೆ ಮನೆಯಲ್ಲಿ ಜಗಳ ಶುರು ಅಂತಲೇ ಅರ್ಥ. ರಾಜಕೀಯದ ಜಗಳ ಅಲ್ಲ, ದುಡ್ಡಿನದ್ದೂ ಅಲ್ಲ. ಟಿವಿಯಲ್ಲಿ ಬರುವ ಒಂದು ಕಾಲ್ಪನಿಕ ಊರಿನ ಹೈಸ್ಕೂಲ್ ಫುಟ್‌ಬಾಲ್ ಕೋಚ್ ತನ್ನ ಹೆಂಡತಿಯ ಮಾತು ಕೇಳಬೇಕಿತ್ತೋ ಬೇಡವೋ ಅನ್ನೋದರ ಬಗ್ಗೆ.

ಆ ಧಾರಾವಾಹಿ ‘ಫ್ರೈಡೇ ನೈಟ್ ಲೈಟ್ಸ್’. ಒಟ್ಟು ಐದು ಸೀಸನ್, 76 ಕಂತು. ನಾವು ಮೂರು ಕನ್ನಡದ ಮನೆಯವರು ವಾರಕ್ಕೆ ಎರಡೆರಡು ಕಂತಿನಂತೆ ನೋಡಿ ಮುಗಿಸಿದೆವು. ಮೈಸೂರಿನ ಗೆಳೆಯ, ಧಾರವಾಡದವಳಾದ ಅವನ ಹೆಂಡತಿ, ಆಟ ಅಂದ್ರೆ ಮೂಗು ಮುರಿಯುವ ಪುತ್ತೂರಿನ ಒಬ್ಬ ಬ್ರಹ್ಮಚಾರಿ, ನಾನು ಮತ್ತು ನನ್ನ ಹೆಂಡತಿ. ಒಬ್ಬೊಬ್ಬರ ಮನೆಯಿಂದ ಒಂದೊಂದು ಡಬ್ಬಿ ಬರುತ್ತಿತ್ತು. ಚಿತ್ರಾನ್ನ ಖಾಲಿಯಾಗುವ ಹೊತ್ತಿಗೆ ಮೊದಲ ಕಂತು ಮುಗಿದಿರುತ್ತಿತ್ತು. ಎರಡನೆಯದು ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬರು ಮುನಿಸಿಕೊಂಡಿರುತ್ತಿದ್ದರು.

ಈಗ ಯೋಚಿಸಿದರೆ ನಗು ಬರುತ್ತದೆ. ಆದರೆ ಆ ಜಗಳಗಳಲ್ಲಿ ಒಂದು ನನ್ನ ಮನೆಗೇ ಬಂದು ಕೂತಿತು. ಅದನ್ನು ಕೊನೆಗೆ ಹೇಳುತ್ತೇನೆ.

ಊರ ತೇರಿನಂಥ ಆಟ

ಈ ಧಾರಾವಾಹಿ ನೋಡು ಅಂತ ಮೊದಲು ಹೇಳಿದ್ದು ಆಫೀಸಿನ ಒಬ್ಬ ಸಹೋದ್ಯೋಗಿ. ಹುಟ್ಟಿ ಬೆಳೆದದ್ದೆಲ್ಲ ಟೆಕ್ಸಸ್‌ನಲ್ಲೇ. ‘ನಮ್ಮನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಶುಕ್ರವಾರ ರಾತ್ರಿ ಒಂದು ಸ್ಟೇಡಿಯಂಗೆ ಬಾ, ಆಮೇಲೆ ಇದನ್ನು ನೋಡು’ ಅಂದ. ಒಂದು ಸೆಪ್ಟೆಂಬರ್ ಸಂಜೆ ಊರಾಚೆಯ ಒಂದು ಹೈಸ್ಕೂಲಿನ ಆಟಕ್ಕೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ.

ಹೈಸ್ಕೂಲ್ ಆಟ ಅಂದ್ರೆ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಸುಣ್ಣದ ಗೆರೆ, ಶಾಮಿಯಾನ, ಮೈಕ್‌ನಲ್ಲಿ ಪಿಟಿ ಮೇಷ್ಟ್ರ ದನಿ. ಅಲ್ಲಿ ಹೋಗಿ ನೋಡಿದರೆ ಸಾವಿರಾರು ಜನ. ನೂರಕ್ಕೂ ಹೆಚ್ಚು ಮಕ್ಕಳ ಬ್ಯಾಂಡ್. ಮುಖಕ್ಕೆ ಶಾಲೆಯ ಬಣ್ಣ ಬಳಿದುಕೊಂಡ ಅಜ್ಜಂದಿರು. ಮಗ ಆಡುತ್ತಿಲ್ಲದಿದ್ದರೂ, ಮಗನೇ ಇಲ್ಲದಿದ್ದರೂ ಬಂದವರು. ನನ್ನ ಹೆಂಡತಿ ಕಿವಿಯಲ್ಲಿ, ‘ಇದು ಆಟ ಅಲ್ಲ ಕಣೋ, ತೇರು’ ಅಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಅಮೆರಿಕದಲ್ಲಿ ವಾರದ ಲೆಕ್ಕ ಹೀಗಿದೆ: ಶುಕ್ರವಾರ ಹೈಸ್ಕೂಲ್, ಶನಿವಾರ ಕಾಲೇಜು, ಭಾನುವಾರ ವೃತ್ತಿಪರ ತಂಡಗಳು. ಇದು ಬರೀ ಸಂಪ್ರದಾಯ ಅಲ್ಲ. 1961ರ ಒಂದು ಕಾನೂನು, ಸೀಸನ್ ನಡೆಯುವ ತಿಂಗಳುಗಳಲ್ಲಿ ವೃತ್ತಿಪರ ಲೀಗ್ ಶುಕ್ರವಾರ ಸಂಜೆ ಮತ್ತು ಶನಿವಾರ ತನ್ನ ಆಟ ಪ್ರಸಾರ ಮಾಡಿ ಹೈಸ್ಕೂಲು, ಕಾಲೇಜುಗಳ ಜನವನ್ನು ಕಸಿದುಕೊಳ್ಳದ ಹಾಗೆ ತಡೆ ಹಾಕಿದೆ.

ಆಟದ ಬಗ್ಗೆ ಎರಡೇ ಮಾತು. ನಾವು ಫುಟ್‌ಬಾಲ್ ಅನ್ನುವುದು ಇದಲ್ಲ. ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ, ನೂರು ಗಜದ ಮೈದಾನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಚೆಂಡನ್ನು ಯಾರಿಗೆ ಎಸೆಯಬೇಕು ಅಂತ ಕ್ಷಣದಲ್ಲಿ ತೀರ್ಮಾನ ಮಾಡುವವನು ಕ್ವಾರ್ಟರ್‌ಬ್ಯಾಕ್. ಇಷ್ಟು ಗೊತ್ತಿದ್ದರೆ ಧಾರಾವಾಹಿ ನೋಡಲು ಸಾಕು. ಗೊತ್ತಿಲ್ಲದಿದ್ದರೂ ಸಾಕು. ನಮ್ಮ ಪುತ್ತೂರಿನವನು ಕೊನೆಯವರೆಗೂ ನಿಯಮ ಕಲಿಯಲಿಲ್ಲ, ಆದರೆ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ.

ಒಂದು ಪುಸ್ತಕ, ಸಿಟ್ಟಾದ ಒಂದು ಊರು

ಕಥೆಯ ಬೇರು ಒಂದು ನಿಜವಾದ ಊರಿನಲ್ಲಿದೆ. ಪಶ್ಚಿಮ ಟೆಕ್ಸಸ್‌ನ ಒಡೆಸ್ಸಾ, ತೈಲ ಬಾವಿಗಳ ಊರು. ಎಚ್. ಜಿ. ಬಿಸಿಂಜರ್ ಎಂಬ ಪತ್ರಕರ್ತ ಫಿಲಡೆಲ್ಫಿಯಾದ ಕೆಲಸ ಬಿಟ್ಟು ಸಂಸಾರ ಸಮೇತ ಅಲ್ಲಿಗೆ ಹೋಗಿ, 1988ರಲ್ಲಿ ಪರ್ಮಿಯನ್ ಹೈಸ್ಕೂಲಿನ ತಂಡದ ಜೊತೆ ಒಂದು ಸೀಸನ್ ಕಳೆದರು. 1990ರಲ್ಲಿ ಪುಸ್ತಕ ಬಂತು.

ಆಟದ ಹುಚ್ಚಿನ ಜೊತೆಗೆ ಊರಿನ ವರ್ಣಭೇದವೂ, ಶಾಲೆಯ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದೂ ಅದರಲ್ಲಿತ್ತು. ದೂರದ ಊರುಗಳ ಆಟಕ್ಕೆ ತಂಡವನ್ನು ಬಾಡಿಗೆ ವಿಮಾನದಲ್ಲಿ ಕಳಿಸುತ್ತಿದ್ದರು. ಆ ಒಂದು ವರ್ಷ ಅದಕ್ಕೇ ಸುಮಾರು 70 ಸಾವಿರ ಡಾಲರ್. ಅದೇ ಶಾಲೆಯಲ್ಲಿ ಇಂಗ್ಲಿಷ್ ವಿಭಾಗದ ಬೋಧನಾ ಸಾಮಗ್ರಿಗೆ ಇಟ್ಟ ಹಣ, ಆಟಗಾರರ ಔಷಧಿ ಪಟ್ಟಿಗಳಿಗೆ ಇಟ್ಟ ಹಣಕ್ಕಿಂತ ಕಡಿಮೆ. ಊರಿಗೆ ಸಿಟ್ಟು ಬಂತು. ಬೆದರಿಕೆಗಳು ಬಂದು ಲೇಖಕರು ಒಡೆಸ್ಸಾಗೆ ಹೋಗುವ ಕಾರ್ಯಕ್ರಮವನ್ನೇ ಕೈಬಿಡಬೇಕಾಯಿತು.

ಪುಸ್ತಕದಲ್ಲಿ ಮನಸ್ಸಿಗೆ ನಾಟುವ ಹುಡುಗ ಬೂಬಿ ಮೈಲ್ಸ್. ದೊಡ್ಡ ದೊಡ್ಡ ಕಾಲೇಜುಗಳು ಕಣ್ಣಿಟ್ಟಿದ್ದ ಕಪ್ಪು ಹುಡುಗ. ಸೀಸನ್ ಶುರುವಾಗುವ ಮೊದಲೇ ಒಂದು ಅಭ್ಯಾಸ ಪಂದ್ಯದಲ್ಲಿ ಮೊಣಕಾಲು ಹೋಯಿತು. ನಿನ್ನೆಯವರೆಗೆ ತಲೆ ಮೇಲೆ ಹೊತ್ತ ಊರು ಇವತ್ತು ಹೆಸರು ಮರೆಯಿತು.

ಲೇಖಕರ ಸಂಬಂಧಿಯೂ ಆದ ಪೀಟರ್ ಬರ್ಗ್ 2004ರಲ್ಲಿ ಇದನ್ನು ಸಿನಿಮಾ ಮಾಡಿದರು. ಎರಡು ಗಂಟೆಯಲ್ಲಿ ಊರನ್ನು ಹಿಡಿಯಲು ಆಗಲಿಲ್ಲ ಅಂತ ಮತ್ತೆ ಟಿವಿಗೆ ತಂದರು. 2006ರ ಅಕ್ಟೋಬರ್ 3ರಂದು ಎನ್‌ಬಿಸಿ ವಾಹಿನಿಯಲ್ಲಿ ಮೊದಲ ಕಂತು ಬಂತು. ಟಿವಿಯಲ್ಲಿ ಊರಿನ ಹೆಸರು ಡಿಲನ್, ತಂಡ ಡಿಲನ್ ಪ್ಯಾಂಥರ್ಸ್. ಕಥೆಯನ್ನು ಮುಂದೆ ಐದು ಸೀಸನ್ ನಡೆಸಿದವರು ಜೇಸನ್ ಕೇಟಿಮ್ಸ್. ಚಿತ್ರೀಕರಣ ಪೂರ್ತಿ ಆಸ್ಟಿನ್ ಮತ್ತು ಪಕ್ಕದ ಫ್ಲೂಗರ್‌ವಿಲ್ ಸುತ್ತಮುತ್ತ. ಹಾಗಾಗಿ ನಮಗೆ ಅದು ‘ನಮ್ಮೂರ’ ಧಾರಾವಾಹಿ. ಯಾವುದೋ ರಸ್ತೆ ತಿರುವು ಕಂಡರೆ ಮೈಸೂರಿನವನು ಚಮಚ ಹಿಡಿದುಕೊಂಡೇ ಎದ್ದು ನಿಂತು, ‘ಇಲ್ಲೇ ಅಲ್ವಾ ನಾವು ಪೆಟ್ರೋಲ್ ಹಾಕಿಸೋದು’ ಅನ್ನುತ್ತಿದ್ದ.

ಮೊದಲ ಕಂತಿನಲ್ಲೇ ಊರಿನ ಕಣ್ಮಣಿಯಾದ ಕ್ವಾರ್ಟರ್‌ಬ್ಯಾಕ್ ಜೇಸನ್ ಸ್ಟ್ರೀಟ್‌ನ ಬೆನ್ನುಹುರಿಗೆ ಪೆಟ್ಟು ಬೀಳುತ್ತದೆ. ಮತ್ತೆ ಅವನು ಎದ್ದು ನಡೆಯುವುದಿಲ್ಲ. ಬೆಂಚಿನ ಮೇಲೆ ಕೂತಿದ್ದ, ತಡವರಿಸಿ ಮಾತಾಡುವ ಮ್ಯಾಟ್ ಸಾರಸನ್ ಮೈದಾನಕ್ಕೆ ಇಳಿಯಬೇಕಾಗುತ್ತದೆ. ಊರಿಗೆ ಊರೇ ಒಂದು ಮಗುವಿನ ಬೆನ್ನಿನ ಮೇಲೆ ಕೂತಿತ್ತು, ಆ ಬೆನ್ನು ಮುರಿದಾಗ ಇನ್ನೊಂದು ಮಗುವಿನ ಬೆನ್ನು ಹುಡುಕಿತು. ಕಥೆ ಶುರುವಾಗುವುದು ಹೀಗೆ.

ಮೊದಲ ಜಗಳ: ಆ ಕೊಲೆ ಬೇಕಿತ್ತಾ?

ಈ ಧಾರಾವಾಹಿಯ ಅಭಿಮಾನಿಗಳು ಎಲ್ಲೇ ಇಬ್ಬರು ಸೇರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಎರಡನೇ ಸೀಸನ್ನಿನ ಶುರುವಿನಲ್ಲಿ, ಟೈರಾ ಎಂಬ ಹುಡುಗಿಯ ಮೇಲೆ ಎರಗಿದವನನ್ನು ಅವಳ ಗೆಳೆಯ ಲ್ಯಾಂಡ್ರಿ ಹೊಡೆದು ಸಾಯಿಸುತ್ತಾನೆ. ಇಬ್ಬರೂ ಸೇರಿ ಹೆಣವನ್ನು ನದಿಗೆ ಎಸೆಯುತ್ತಾರೆ. ಅಲ್ಲಿಯವರೆಗೆ ಹೋಮ್‌ವರ್ಕ್, ಪ್ರೀತಿ, ಬಾಡಿಗೆ, ಸಾಲ ಅಂತ ನಡೆಯುತ್ತಿದ್ದ ಮನೆಗಳ ಕಥೆಯೊಳಗೆ ದಿಢೀರ್ ಅಂತ ಪತ್ತೇದಾರಿ ಕಾದಂಬರಿ.

ಧಾರವಾಡದಾಕೆ ಟಿವಿ ಆಫ್ ಮಾಡಿಬಿಟ್ಟಳು. ‘ಹಿಂಗ್ಯಾಕ ಮಾಡಿದ್ರೀ ಇವ್ರು? ಛಲೋ ನಡದಿತ್ತಲ್ಲ!’ ಅಂತ ಅವಳಿಗೆ ನಿಜಕ್ಕೂ ಸಿಟ್ಟು. ನಾನು ಅದನ್ನು ಸಮರ್ಥಿಸಿಕೊಂಡೆ. ನೋಡುಗರು ಕಡಿಮೆ ಇದ್ದಾಗ ಬರೆಯುವವರು ಏನಾದರೂ ಮಾಡಲೇಬೇಕಲ್ಲ, ನಾವೂ ರಿಲೀಸ್ ಮೊದಲು ಬೇಡದ ಫೀಚರ್ ತುರುಕುತ್ತೇವಲ್ಲ ಅಂತ. ಯಾರೂ ಒಪ್ಪಲಿಲ್ಲ. ಈಗ ನಾನೂ ಒಪ್ಪುವುದಿಲ್ಲ. ಅಷ್ಟು ದೊಡ್ಡ ಘಟನೆಯ ಭಾರ ಮುಂದಿನ ಸೀಸನ್ನುಗಳಲ್ಲಿ ಎಲ್ಲೂ ಕಾಣುವುದಿಲ್ಲ. ಅದು ನಡೆದೇ ಇಲ್ಲವೇನೋ ಎಂಬಂತೆ ಕಥೆ ಮುಂದೆ ಹೋಗುತ್ತದೆ.

ಆ ಸೀಸನ್ ಸರಿಯಾಗಿ ಮುಗಿಯಲೂ ಇಲ್ಲ. 2007-08ರಲ್ಲಿ ಅಮೆರಿಕದ ಬರಹಗಾರರ ಮುಷ್ಕರ ನಡೆದು 15 ಕಂತಿಗೇ ನಿಂತಿತು. ಸ್ಯಾಂಟಿಯಾಗೋ ಎಂಬ ಹುಡುಗ ಪಾತ್ರದ ಸಮೇತ ಕಾಣೆಯಾದ. ಇನ್ನೊಂದು ತಮಾಷೆ: ಆ ವರ್ಷ ವಾಹಿನಿ ಇದನ್ನು ಹಾಕಿದ್ದು ಶುಕ್ರವಾರ ರಾತ್ರಿ. ಇದನ್ನು ಇಷ್ಟಪಟ್ಟು ನೋಡಬೇಕಾದ ಊರುಗಳ ಜನರೆಲ್ಲ ಸ್ಟೇಡಿಯಂನಲ್ಲಿ ಕೂತಿರುವ ಹೊತ್ತು!

ಧಾರಾವಾಹಿ ನಿಂತೇ ಹೋಗುತ್ತಿತ್ತು. ಅಭಿಮಾನಿಗಳು ವಾಹಿನಿಯ ಕಚೇರಿಗೆ ಪುಟ್ಟ ಪುಟ್ಟ ಫುಟ್‌ಬಾಲ್‌ಗಳನ್ನು ಕಳಿಸಿ ಒತ್ತಾಯ ಮಾಡಿದರು. ಕೊನೆಗೆ ಉಳಿಸಿದ್ದು ಒಂದು ವ್ಯಾಪಾರದ ಉಪಾಯ. ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಕಂಪನಿ ಖರ್ಚಿನಲ್ಲಿ ಪಾಲು ಹಾಕಿತು. ಮೂರನೇ ಸೀಸನ್ನಿನಿಂದ ಮೊದಲು ಅದರ ಚಂದಾದಾರರಿಗೆ, ತಿಂಗಳುಗಳ ನಂತರ ಎನ್‌ಬಿಸಿಯಲ್ಲಿ. ಸೀಸನ್ನಿಗೆ 13 ಕಂತು ಮಾತ್ರ. ಕಡಿಮೆ ಕಂತು ಸಿಕ್ಕಿದ್ದು ಒಳ್ಳೆಯದೇ ಆಯಿತು, ಕಥೆ ಬಿಗಿಯಾಯಿತು. ಇದರಲ್ಲಿ ಮಾತ್ರ ನಮ್ಮ ಐದೂ ಜನರದ್ದು ಒಂದೇ ಅಭಿಪ್ರಾಯ.

ಎರಡನೇ ಜಗಳ: ಮ್ಯಾಟ್‌ನೋ ರಿಗಿನ್ಸ್‌ನೋ?

ನಮ್ಮ ಗುಂಪು ಇಲ್ಲಿ ಎರಡು ಪಾಲಾಯಿತು. ಟಿಮ್ ರಿಗಿನ್ಸ್ ಉದ್ದ ಕೂದಲಿನ, ಕುಡುಕ, ಸೋಮಾರಿ, ಆದರೆ ಯಾರಿಗೂ ಕೇಡು ಬಯಸದ ಹುಡುಗ. ಅಣ್ಣ ಮಾಡಿದ ಕಳ್ಳಕೆಲಸದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ, ಅಣ್ಣನಿಗೆ ಮಗು ಹುಟ್ಟಿದೆ ಅಂತ. ಮೈಸೂರಿನವನ ಪ್ರಕಾರ ಇದಕ್ಕಿಂತ ದೊಡ್ಡ ಮನಸ್ಸು ಇಲ್ಲ. ‘ಅದು ದೊಡ್ಡ ಮನಸ್ಸಲ್ಲ ಮಾರಾಯ, ತನ್ನ ಜೀವನಕ್ಕೆ ಬೆಲೆ ಇಲ್ಲ ಅಂತ ಅವನೇ ನಂಬಿದ್ದಾನೆ’ ಅಂದ ಪುತ್ತೂರಿನವನು. ಆ ಮಾತಿಗೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ನನ್ನ ವೋಟು ಮ್ಯಾಟ್‌ಗೆ. ಅಪ್ಪ ಸೈನ್ಯದಲ್ಲಿ, ಇರಾಕ್‌ನಲ್ಲಿ. ಅಮ್ಮ ಬಿಟ್ಟುಹೋಗಿದ್ದಾಳೆ. ಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿ. ಹದಿನಾರು ವರ್ಷದ ಹುಡುಗ ಅಜ್ಜಿಗೆ ಮಾತ್ರೆ ಕೊಟ್ಟು, ಅಂಗಡಿಯಲ್ಲಿ ಕೆಲಸ ಮಾಡಿ, ಆಮೇಲೆ ಅಭ್ಯಾಸಕ್ಕೆ ಹೋಗಬೇಕು. ಶಿಕಾಗೋದ ಕಲಾ ಶಾಲೆಗೆ ಸೀಟು ಸಿಕ್ಕಾಗ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿ, ಮನಸ್ಸು ತಡೆಯದೆ ವಾಪಸ್ ಕರೆದುಕೊಂಡು ಬಂದು, ಊರಲ್ಲೇ ಉಳಿದು ಪಿಜ್ಜಾ ಹಂಚುತ್ತಾನೆ. ಅಮೆರಿಕದಲ್ಲಿ ಅಜ್ಜಿಯರನ್ನು ಯಾರೂ ನೋಡಿಕೊಳ್ಳಲ್ಲ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ. ಈ ಹುಡುಗನನ್ನು ನೋಡಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಮತ್ತೆ ಬಂದಿಲ್ಲ. ಅಜ್ಜನ ಕೊನೆಯ ಎರಡು ವರ್ಷ ನಾನು ವಿಡಿಯೋ ಕಾಲ್‌ನಲ್ಲಷ್ಟೇ ಇದ್ದೆ.

ನಾಲ್ಕನೇ ಸೀಸನ್ನಿನಲ್ಲಿ ‘ಮಗ’ ಎಂಬ ಅರ್ಥದ ಹೆಸರಿನ ಒಂದು ಕಂತು ಇದೆ. ಮ್ಯಾಟ್‌ನ ಅಪ್ಪ ಯುದ್ಧದಲ್ಲಿ ಸಾಯುತ್ತಾನೆ. ಊರೆಲ್ಲ ‘ವೀರ’ ಅನ್ನುತ್ತದೆ. ಮಗನಿಗೆ ಅಪ್ಪನ ಮೇಲಿರುವುದು ಸಿಟ್ಟು. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರೂ ಬಿಡುವುದಿಲ್ಲ. ಕೋಚ್ ಮನೆಯ ಊಟದ ಮೇಜಿನಲ್ಲಿ ಆ ಹುಡುಗ ಅದನ್ನೆಲ್ಲ ಹೊರಗೆ ಹಾಕುತ್ತಾನೆ, ಮಣ್ಣು ಮಾಡುವಾಗ ಸಲಿಕೆ ತಾನೇ ಹಿಡಿಯುತ್ತಾನೆ. ಝ್ಯಾಕ್ ಗಿಲ್ಫರ್ಡ್ ಎಂಬ ನಟನ ಮುಖ ನೋಡುತ್ತ ನಾವು ಐದೂ ಜನ ತಟ್ಟೆ ತೊಳೆಯಲು ಏಳಲಿಲ್ಲ.

ಇಷ್ಟು ಸಹಜ ಹೇಗೆ ಬಂತು ಅಂತ ಹುಡುಕಿದಾಗ ಚಿತ್ರೀಕರಣದ ಕ್ರಮ ಗೊತ್ತಾಯಿತು. ರಿಹರ್ಸಲ್ ಇಲ್ಲ. ಇಲ್ಲೇ ನಿಲ್ಲಬೇಕು ಅಂತ ನೆಲದ ಮೇಲೆ ಗುರುತು ಇಲ್ಲ. ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತವೆ, ನಟರು ಎಲ್ಲಿ ಹೋಗುತ್ತಾರೋ ಹಿಂದೆ ಹೋಗುತ್ತವೆ. ಬರೆದ ಮಾತನ್ನು ನಟರು ಬದಲಿಸಬಹುದು, ಒಬ್ಬರ ಮೇಲೊಬ್ಬರು ಮಾತಾಡಬಹುದು. ಮನೆಯಲ್ಲಿ ನಾವು ಮಾತಾಡುವುದೂ ಹಾಗೇ ಅಲ್ಲವಾ?

ಮೂರನೇ ಜಗಳ: ಸ್ಕ್ರೀನ್ ಬೇಕೋ, ಮೇಷ್ಟ್ರು ಬೇಕೋ?

ಕೋಚ್ ಎರಿಕ್ ಟೇಲರ್‌ನ ಹೆಂಡತಿ ಟ್ಯಾಮಿ ಮೊದಲು ಶಾಲೆಯ ಆಪ್ತಸಲಹೆಗಾರ್ತಿ, ಮೂರನೇ ಸೀಸನ್ನಿನಲ್ಲಿ ಪ್ರಿನ್ಸಿಪಾಲ್. ಸ್ಟೇಡಿಯಂಗೆ ದೊಡ್ಡ ಸ್ಕ್ರೀನ್ ಹಾಕಿಸಲು ಊರಿನ ಶ್ರೀಮಂತರು ದುಡ್ಡು ಸೇರಿಸಿದಾಗ ಅವಳು, ಶಾಲೆಯಲ್ಲಿ ಸೀಮೆಸುಣ್ಣಕ್ಕೇ ಗತಿಯಿಲ್ಲ, ಆ ದುಡ್ಡು ಪಾಠಕ್ಕೆ ಕೊಡಿ ಅನ್ನುತ್ತಾಳೆ. ಊರು ಉರಿದೇಳುತ್ತದೆ. ಕೊನೆಗೆ ಸ್ಕ್ರೀನೇ ಗೆಲ್ಲುತ್ತದೆ.

ಇದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಆದರೆ ಡಲ್ಲಾಸ್ ಹತ್ತಿರದ ಅಲೆನ್‌ನಲ್ಲಿ ಒಂದು ಹೈಸ್ಕೂಲಿಗಾಗಿ 2012ರಲ್ಲಿ 18 ಸಾವಿರ ಆಸನದ ಸ್ಟೇಡಿಯಂ ಕಟ್ಟಿದರು. ಖರ್ಚು ಸುಮಾರು ಆರು ಕೋಟಿ ಡಾಲರ್. ಎರಡು ವರ್ಷದೊಳಗೆ ಕಾಂಕ್ರೀಟ್ ಬಿರುಕು ಬಿಟ್ಟು ರಿಪೇರಿಗೆ ಮುಚ್ಚಬೇಕಾಯಿತು. ಡಲ್ಲಾಸ್‌ನ ಆ ಭಾಗದಲ್ಲಿ ನಮ್ಮ ಕನ್ನಡದವರು ಬೇಕಾದಷ್ಟಿದ್ದಾರೆ. ಶಾಲೆ ಚೆನ್ನಾಗಿದೆ ಅಂತಲೇ ಅಲ್ಲಿ ಮನೆ ಮಾಡುತ್ತಾರೆ. ಮೈಸೂರಿನವನ ಅಕ್ಕನ ಮಗ ಆ ಕಡೆಯ ಒಂದು ಶಾಲೆಯ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾನೆ. ಅಕ್ಕ ಪ್ರತಿ ಶುಕ್ರವಾರ ಸ್ಟೇಡಿಯಂನಲ್ಲಿ. ‘ಊರು ಒಂದಾಗೋದಕ್ಕೆ ಒಂದು ಜಾಗ ಬೇಡ್ವಾ?’ ಅಂತ ಅವನ ವಾದ. ‘ಒಂದಾಗೋಕೆ ಲೈಬ್ರರಿ ಆಗಲ್ವಾ?’ ಅಂತ ನನ್ನ ಹೆಂಡತಿ. ಇಬ್ಬರೂ ಸೋಲಲಿಲ್ಲ.

ನನಗೆ ಅದರಾಚೆಯ ಚಿಂತೆ. ಜೇಸನ್ ಸ್ಟ್ರೀಟ್‌ಗೆ ಬಿದ್ದ ಪೆಟ್ಟು ಎಲ್ಲರಿಗೂ ಕಂಡಿತು. ಕಾಣದ ಪೆಟ್ಟುಗಳೂ ಇವೆ. ಡಾ. ಬೆನೆಟ್ ಒಮಾಲು 2002ರಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರನ ಮಿದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ತಲೆಗೆ ಬೀಳುವ ಹೊಡೆತದಿಂದ ಬರುವ ಮಿದುಳಿನ ಕಾಯಿಲೆಯನ್ನು ಗುರುತಿಸಿದರು. ಅದರ ಬಗ್ಗೆ ದೊಡ್ಡ ಚರ್ಚೆ ಆಗುವ ಮೊದಲೇ ಈ ಧಾರಾವಾಹಿಯ ಬಹುಪಾಲು ಬಂದುಹೋಗಿತ್ತು. ಹಾಗಾಗಿ ಇದರಲ್ಲಿ ತಲೆಗೆ ಪೆಟ್ಟು ಬಿದ್ದ ಹುಡುಗ ಎದ್ದು ನಿಂತರೆ ಜನ ಚಪ್ಪಾಳೆ ತಟ್ಟುತ್ತಾರೆ. ನಾವೂ ತಟ್ಟಿದೆವು. ಆಮೇಲೆ ಸ್ವಲ್ಪ ಮುಜುಗರ ಆಯಿತು.

ಒಂದು ಕಡೆ ಮಾತ್ರ ಕಥೆ ನಿಜಕ್ಕಿಂತ ದಯೆ ತೋರಿಸಿದೆ. ಸ್ಮ್ಯಾಶ್ ಎಂಬ ಆಟಗಾರನಿಗೂ ಮೊಣಕಾಲು ಹೋಗುತ್ತದೆ, ಕಾಲೇಜಿನ ದಾರಿ ಮುಚ್ಚುತ್ತದೆ, ಐಸ್‌ಕ್ರೀಮ್ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಆಗ ಕೋಚ್ ಅವನಿಗೆ ತಾನೇ ನಿಂತು ತರಬೇತಿ ಕೊಟ್ಟು ಟೆಕ್ಸಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದ ಬಾಗಿಲವರೆಗೆ ಕರೆದುಕೊಂಡು ಹೋಗುತ್ತಾನೆ. ಬೂಬಿ ಮೈಲ್ಸ್‌ಗೆ ಸಿಗದ ಕೋಚ್ ಅದು.

ಕೊನೆಯ ಜಗಳ: ಯಾರ ಸರದಿ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟೇಲರ್ ದಂಪತಿಯದ್ದು ಟಿವಿಯಲ್ಲಿ ಬಂದ ಅತ್ಯುತ್ತಮ ದಾಂಪತ್ಯ ಅಂತ ಅಭಿಮಾನಿಗಳು ಹೇಳುತ್ತಲೇ ಇರುತ್ತಾರೆ. ಕೈಲ್ ಚಾಂಡ್ಲರ್ ಕೋಚ್, ಕಾನಿ ಬ್ರಿಟನ್ ಟ್ಯಾಮಿ. 2004ರ ಸಿನಿಮಾದಲ್ಲೂ ಕೋಚ್‌ನ ಹೆಂಡತಿ ಕಾನಿಯವರೇ. ಅಲ್ಲಿ ಮಾಡಲು ಹೆಚ್ಚೇನೂ ಇರಲಿಲ್ಲ ಅಂತ ಟಿವಿಗೆ ಒಪ್ಪಲು ಹಿಂದೇಟು ಹಾಕಿದ್ದರಂತೆ. ಇಲ್ಲಿ ಅವರು ಕಥೆಯ ಅರ್ಧ ಭಾಗ.

ಅವರ ಮನೆಯಲ್ಲಿ ಮೂರನೇ ವ್ಯಕ್ತಿ ಬಂದು ಸಂಸಾರ ಒಡೆಯುವುದಿಲ್ಲ. ಪಾತ್ರೆ ಯಾರು ತೊಳೆಯಬೇಕು, ಮಗಳನ್ನು ಯಾರು ಬಿಡಬೇಕು, ಯಾರ ಕೆಲಸಕ್ಕೆ ಯಾರು ಊರು ಬದಲಿಸಬೇಕು ಅಂತಷ್ಟೇ ಜಗಳ. ಮೊದಲ ಸೀಸನ್ನಿನ ಕೊನೆಯಲ್ಲಿ ಎರಿಕ್‌ಗೆ ಆಸ್ಟಿನ್‌ನ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ಟ್ಯಾಮಿ ಹೋಗುವುದಿಲ್ಲ. ಅವನು ಒಬ್ಬನೇ ಹೋಗಿ, ಕೂಸು ಹುಟ್ಟಿದ ಮನೆಯನ್ನು ಬಿಟ್ಟಿರಲಾಗದೆ ಮರಳುತ್ತಾನೆ. ಮೂರನೇ ಸೀಸನ್ನಿನ ಕೊನೆಯಲ್ಲಿ ಒಬ್ಬ ಶ್ರೀಮಂತ ಅಪ್ಪನ ಕೈವಾಡದಿಂದ ಪ್ಯಾಂಥರ್ಸ್ ಕೆಲಸ ಹೋಗಿ, ಊರಿನ ಬಡ ಭಾಗದ ಈಸ್ಟ್ ಡಿಲನ್‌ಗೆ ಬರುತ್ತಾನೆ. ಹುಲ್ಲಿಲ್ಲದ ಮೈದಾನ, ಆಡಲು ಬಾರದ ಹುಡುಗರು, ಮೊದಲ ಆಟವನ್ನು ಅರ್ಧಕ್ಕೇ ಬಿಟ್ಟುಕೊಡಬೇಕಾದ ಸ್ಥಿತಿ. ಇತ್ತ ಟ್ಯಾಮಿ, ಗರ್ಭಪಾತದ ಬಗ್ಗೆ ಕೇಳಿ ಬಂದ ಹುಡುಗಿಯೊಬ್ಬಳಿಗೆ ಇರುವ ದಾರಿಗಳನ್ನೆಲ್ಲ ತಿಳಿಸಿದ್ದಕ್ಕೆ ಪ್ರಿನ್ಸಿಪಾಲ್ ಕುರ್ಚಿ ಕಳೆದುಕೊಳ್ಳುತ್ತಾಳೆ. ಕ್ಷಮೆ ಕೇಳಿದ್ದರೆ ಉಳಿಯುತ್ತಿತ್ತು. ಕೇಳುವುದಿಲ್ಲ.

ಐದನೇ ಸೀಸನ್ನಿನಲ್ಲಿ ಎರಡು ಕಾಗದ ಒಟ್ಟಿಗೆ ಬರುತ್ತವೆ. ಎರಿಕ್‌ಗೆ ಮತ್ತೆ ಪ್ಯಾಂಥರ್ಸ್ ಕೋಚ್ ಕೆಲಸ, ಐದು ವರ್ಷದ ಒಪ್ಪಂದ. ಟ್ಯಾಮಿಗೆ ಫಿಲಡೆಲ್ಫಿಯಾದ ಒಂದು ಕಾಲೇಜಿನಲ್ಲಿ ಪ್ರವೇಶ ವಿಭಾಗದ ಡೀನ್ ಹುದ್ದೆ. ಕೋಚ್‌ನ ಹೆಂಡತಿಯಾಗಿ ಹದಿನೆಂಟು ವರ್ಷ ಕಳೆದಿದ್ದೇನೆ, ಈಗ ನನ್ನ ಸರದಿ ಅನ್ನುತ್ತಾಳೆ. ಅವನಿಗೆ ಅದು ಕೇಳಿಸುವುದೇ ಇಲ್ಲ. ಕೆಟ್ಟವನಲ್ಲ, ಒಳ್ಳೆಯವನೇ. ಒಳ್ಳೆಯವನಿಗೂ ಕೇಳಿಸುವುದಿಲ್ಲ.

ನಮ್ಮ ಮನೆಯ ಕುರ್ಚಿಗಳು ಅವತ್ತು ಮೂರು ಕಡೆ ತಿರುಗಿದವು. ‘ಅವನ ಊರು, ಅವನ ಹುಡುಗರು, ಹೇಗೆ ಬಿಟ್ಟು ಹೋಗ್ತಾನೆ?’ ಅಂದ ಮೈಸೂರಿನವನು. ‘ಆಕಿ ಬಿಟ್ಟು ಬರಲಿಲ್ಲೇನು?’ ಅಂತ ಅವನ ಹೆಂಡತಿ. ನಾನು ದೊಡ್ಡದಾಗಿ ಟ್ಯಾಮಿ ಪರ ಭಾಷಣ ಮಾಡಿದೆ. ಕೊನೆಗೆ ಎರಿಕ್ ಹೆಂಡತಿಯ ಹತ್ತಿರ ಹೋಗಿ, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದಾಗ ಚಪ್ಪಾಳೆ ತಟ್ಟಿದವನು ನಾನೇ. ಈಸ್ಟ್ ಡಿಲನ್ ಹುಡುಗರ ಕೊನೆಯ ಎಸೆತ ಗಾಳಿಯಲ್ಲಿರುವಾಗಲೇ ದೃಶ್ಯ ಫಿಲಡೆಲ್ಫಿಯಾಗೆ ಹಾರುತ್ತದೆ. ಅಲ್ಲಿ ಅವನು ಹೊಸ ಹುಡುಗರಿಗೆ ಮೊದಲಿಂದ ಕಲಿಸುತ್ತಿದ್ದಾನೆ. 2011ರಲ್ಲಿ ಈ ಕಂತಿನ ಬರವಣಿಗೆಗೆ ಕೇಟಿಮ್ಸ್‌ಗೆ ಎಮ್ಮಿ ಪ್ರಶಸ್ತಿ ಬಂತು, ನಟನೆಗೆ ಚಾಂಡ್ಲರ್‌ಗೆ.

ನನ್ನ ಹೆಂಡತಿ ಅವತ್ತು ಒಂದು ಮಾತೂ ಆಡಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು. ನಾವಿಬ್ಬರೂ ಒಂದೇ ಕಾಲೇಜು, ಒಂದೇ ಬ್ರಾಂಚ್. ಅವಳ ಅಂಕ ನನಗಿಂತ ಹೆಚ್ಚು. ನನ್ನ ಎಚ್-1ಬಿ ವೀಸಾ ಮೇಲೆ ಅವಳು ಎಚ್-4ನಲ್ಲಿ ಬಂದವಳು. ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟುವವರೆಗೆ ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಎರಡು ವರ್ಷ ಅವಳು ಲೈಬ್ರರಿಗೆ ಹೋದಳು, ಕೋರ್ಸ್ ಮಾಡಿದಳು, ಶುಕ್ರವಾರಕ್ಕೆ ಚಿತ್ರಾನ್ನ ಕಲಸಿದಳು. ಕೋಚ್ ಹೆಂಡತಿಯ ಹಾಗೆ ನಮ್ಮಲ್ಲೂ ‘ಎಂಜಿನಿಯರ್ ಹೆಂಡತಿ’ ಅನ್ನೋ ಹುದ್ದೆ ಇದೆ. ಸಂಬಳ ಇಲ್ಲ, ರಜೆಯೂ ಇಲ್ಲ.

ಬೆಂಗಳೂರಿಗೆ ವಾಪಸ್ ಬಂದೆವು. ಅವಳು ಮತ್ತೆ ಕೆಲಸಕ್ಕೆ ಸೇರಿದಳು. ವರ್ಷ ಕಳೆದು ಪುಣೆಯ ಒಂದು ಕಂಪನಿಯಿಂದ ತಂಡ ಮುನ್ನಡೆಸುವ ಕೆಲಸಕ್ಕೆ ಕರೆ ಬಂತು. ಆಫೀಸಿಗೆ ಹೋಗಲೇಬೇಕಾದ ಕೆಲಸ. ನನಗೆ ಬಡ್ತಿ ಇನ್ನೇನು ಆಗುವುದರಲ್ಲಿತ್ತು.

ನಾನು ಬೇಡ ಅನ್ನಲಿಲ್ಲ. ಇನ್ನೂ ಚೆನ್ನಾಗಿರೋದನ್ನು ಮಾಡಿದೆ, ಸ್ಪ್ರೆಡ್‌ಶೀಟ್ ಮಾಡಿದೆ. ಬಾಡಿಗೆ, ತೆರಿಗೆ, ಅಪ್ಪ-ಅಮ್ಮನ ಊರಿನ ದೂರ, ಷೇರು, ಎಲ್ಲಕ್ಕೂ ಒಂದೊಂದು ಕಾಲಂ. ‘ನೋಡೋಣ’, ‘ಅಪ್ರೈಸಲ್ ಮುಗೀಲಿ’ ಅಂತ ಹನ್ನೊಂದು ದಿನ ತಳ್ಳಿದೆ. ಹನ್ನೆರಡನೇ ದಿನ ಅವಳು ಟೀ ಲೋಟ ಇಟ್ಟು ಕೇಳಿದಳು: ‘ಟಿವಿಯಲ್ಲಿ ಕೋಚ್ ಹೂಂ ಅಂದಾಗ ಚಪ್ಪಾಳೆ ತಟ್ಟಿದವನು ನೀನೇ ಅಲ್ವೇನೋ?’

‘ಅದು ಟಿವಿ’ ಅಂದೆ. ಅನ್ನಬಾರದಿತ್ತು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ನಿರೀಕ್ಷೆ ಇದ್ದದ್ದು ಹೋಯಿತು ಅಷ್ಟೇ. ಆ ಸ್ಪ್ರೆಡ್‌ಶೀಟ್‌ನಲ್ಲಿ ಅವಳ ಆ ಎರಡು ವರ್ಷಕ್ಕೆ ಒಂದು ಕಾಲಂ ಇರಲಿಲ್ಲ ಅನ್ನೋದು ನನಗೆ ಆಗ ಕಂಡಿತು. ಎರಿಕ್‌ಗೂ ಒಂದೇ ದಿನದಲ್ಲಿ ಅರ್ಥ ಆಗಿರಲಿಲ್ಲ, ಕಂತುಗಟ್ಟಲೆ ಗೊಣಗಿದ್ದ. ನಾವು ಅಭಿಮಾನಿಗಳು ಅವನ ಕೊನೆಯ ಮಾತನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ, ಗೊಣಗಿದ್ದನ್ನು ಮರೆಯುತ್ತೇವೆ.

ಮರುದಿನ ಮ್ಯಾನೇಜರ್ ಹತ್ತಿರ ಪುಣೆ ಕಚೇರಿಗೆ ವರ್ಗಾವಣೆ ಕೇಳಿದೆ. ಸಿಕ್ಕಿತು. ಬಡ್ತಿ ಸಿಗಲಿಲ್ಲ. ಹೊಟ್ಟೆ ಉರಿಯಲಿಲ್ಲ ಅಂದ್ರೆ ಸುಳ್ಳಾಗುತ್ತದೆ. ಕೆಲವು ರಾತ್ರಿ ಈಗಲೂ ಉರಿಯುತ್ತದೆ. ಆದರೆ ಸಂಜೆ ಅವಳು ಆಫೀಸಿನ ಕಥೆ ಹೇಳುವಾಗ ಕೈ ಆಡಿಸುವ ರೀತಿ ಇದೆಯಲ್ಲ, ಅದನ್ನು ಕಾಲೇಜಿನ ನಂತರ ನಾನು ನೋಡಿರಲಿಲ್ಲ.

ನಮ್ಮ ಗುಂಪು ಈಗಲೂ ಇದೆ. ಮೊದಲ ಸೀಸನ್ನಿನಿಂದ ಮತ್ತೆ ಶುರು ಮಾಡಿದ್ದೇವೆ. ಬೇಸಿಗೆಯಲ್ಲಿ ಆಸ್ಟಿನ್‌ನವರಿಗೆ ಶುಕ್ರವಾರ ರಾತ್ರಿ ಎಂಟೂವರೆ ಆದರೆ ನಮಗೆ ಶನಿವಾರ ಬೆಳಿಗ್ಗೆ ಏಳು. ಕಾಲ್ ಹಾಕಿಕೊಂಡು ಎರಡೂ ಕಡೆ ಒಟ್ಟಿಗೆ ಪ್ಲೇ ಒತ್ತುತ್ತೇವೆ. ಅವರದ್ದು ರಾತ್ರಿ ಊಟ, ನಮ್ಮದು ತಿಂಡಿ. ಚಿತ್ರಾನ್ನ ಈಗ ನಾನು ಮಾಡುತ್ತೇನೆ. ಒಗ್ಗರಣೆ ಸೀಯುತ್ತದೆ ಅಂತ ದೂರು ಇದೆ. ಹೋದ ವಾರ ಮೈಸೂರಿನವನು ಮತ್ತೆ ರಿಗಿನ್ಸ್ ಪರ ವಾದ ಶುರು ಮಾಡಿದ. ನನ್ನ ಹೆಂಡತಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ‘ಅವನ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ಟ್ಯಾಮಿ ಸೀನ್ ಮುಗೀಲಿ’ ಅಂದಳು.

ಎಲ್ಲರೂ ಸುಮ್ಮನಾದೆವು.